ಚಳಿಜ್ವರದ ಕಪ್ಪು ಹರಳು

ಶತಮಾನೋತ್ಸವದ ನಿಮಿತ್ತ ಹಳೆಯ ನೆನಪುಗಳನ್ನು ಕಲೆಹಾಕಲು ಹಿರಿಯ ವಿದ್ಯಾರ್ಥಿಗಳ ಮನೆಗಳಿಗೆ ಹೋದಾಗ ನಾವು ಮತ್ತೆ ಮತ್ತೆ ಕೇಳಿದ ಮಾತು ಚಳಿಜ್ವರದ್ದು. ನೀಲಗಿರಿಯ ತಪ್ಪಲು, ವಯನಾಡಿನ ಕಾಡು, ಮೈಸೂರು ಸೀಮೆಯ ಅಂಚು ಈ ಮೂರೂ ಕೂಡುವ ನಮ್ಮ ನೆಲದಲ್ಲಿ ಆ ಜ್ವರವನ್ನು ಕಾಣದ ಮನೆ ಇರಲಿಲ್ಲವೆಂದೇ ಹಿರಿಯರು ಹೇಳುತ್ತಾರೆ. ಒಂದು ದಿನ ಬಿಟ್ಟು ಒಂದು ದಿನ ಹೊತ್ತಿಗೆ ಸರಿಯಾಗಿ ಬರುವ ನಡುಕ, ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ಬಿಡದ ಚಳಿ, ಹೊಟ್ಟೆಯ ಎಡಮಗ್ಗುಲಲ್ಲಿ ಗಟ್ಟಿಯಾಗಿ ಕೈಗೆ ಸಿಗುವ ಜ್ವರಗಡ್ಡೆ, ಬಾಯಿಂದ ಹೋಗದ ಕ್ವಿನೈನಿನ ಕಹಿ. ಹಳೆಯ ಹಾಜರಿ ಪುಸ್ತಕಗಳಲ್ಲಿ ‘ಗೈರು’ ಎಂಬ ಒಂದೇ ಪದದಲ್ಲಿ ಮುಗಿದುಹೋಗಿರುವ ಎಷ್ಟೋ ದಿನಗಳ ಹಿಂದೆ ಇದೆಲ್ಲ ಇದೆ.

ಜ್ವರ ಬಂದವನ ರಕ್ತದಲ್ಲಿ ನಿಜವಾಗಿ ನಡೆಯುತ್ತಿದ್ದುದು ಏನು? ಕಹಿ ಮದ್ದು ಒಳಗೆ ಹೋಗಿ ಮಾಡುತ್ತಿದ್ದುದು ಏನು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿದ ಚರಿತ್ರೆ ಮುನ್ನೂರ ನಲವತ್ತು ವರ್ಷಗಳಿಗೂ ಉದ್ದವಾದುದು. ಅದರ ಮುಖ್ಯವಾದ ಕೆಲವು ಘಟ್ಟಗಳು ನಮ್ಮ ಬೆಟ್ಟಗಳಲ್ಲಿಯೇ ಸಂಭವಿಸಿದವು. ತೀರ ಇತ್ತೀಚಿನ ಘಟ್ಟ ಕ್ಷ-ಕಿರಣ ಸೂಕ್ಷ್ಮದರ್ಶಕ ಎಂಬ ಯಂತ್ರದ ಮುಂದೆ, ಇಂದು ನಮ್ಮ ಶಾಲೆಯಲ್ಲಿ ಓದುತ್ತಿರುವ ಮಕ್ಕಳ ಕಾಲದಲ್ಲಿಯೇ ನಡೆದಿದೆ. ಆ ಚರಿತ್ರೆಯನ್ನು ಈ ಸಂಚಿಕೆಯ ಓದುಗರ ಮುಂದೆ ಇಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಕೆಂಪು ರಕ್ತಕಣಗಳನ್ನು ಕಂಡು ಸ್ಪಷ್ಟವಾಗಿ ವರ್ಣಿಸಿದವರಲ್ಲಿ ಮೊದಲಿಗನೆಂದರೆ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್. 1674ರಲ್ಲಿ ತಾನೇ ಉಜ್ಜಿ ತಯಾರಿಸಿದ ಪುಟ್ಟ ಮಸೂರದ ಮೂಲಕ ಅವನು ರಕ್ತದ ಕಣಗಳನ್ನು ನೋಡಿದ. ಆ ಕಣದ ಅಗಲ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಏಳೆಂಟು ಪಾಲು ಮಾತ್ರ. ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಅಂಥವು ಸುಮಾರು 50 ಲಕ್ಷ ಇರುತ್ತವೆ. ಬೆಳೆದ ಕೆಂಪು ಕಣದಲ್ಲಿ ಕೋಶಕೇಂದ್ರವಿಲ್ಲ. ನೀರನ್ನು ಬಿಟ್ಟರೆ ಅದರೊಳಗೆ ತುಂಬಿರುವುದು ಬಹುಪಾಲು ಹಿಮೋಗ್ಲೋಬಿನ್ ಎಂಬ ಪ್ರೋಟೀನು. ಉಸಿರಾಟದ ಆಮ್ಲಜನಕವನ್ನು ಹೊತ್ತು ಸುಮಾರು 120 ದಿನ ದುಡಿದು ಅದು ಅಳಿಯುತ್ತದೆ.

ಆ ಕಣದೊಳಗೆ ಚಳಿಜ್ವರದ ಜೀವಿ ಕುಳಿತಿರುವುದನ್ನು ಮೊದಲು ಗುರುತಿಸಿದವನು ಫ್ರೆಂಚ್ ಸೇನೆಯ ವೈದ್ಯ ಅಲ್ಫೋನ್ಸ್ ಲಾವೆರಾನ್. 1880ರ ನವೆಂಬರ್ 6ರಂದು ಅಲ್ಜೀರಿಯದ ಕಾನ್‌ಸ್ಟಂಟೀನ್ ನಗರದ ಆಸ್ಪತ್ರೆಯಲ್ಲಿ, ಜ್ವರದಿಂದ ಬಳಲುತ್ತಿದ್ದ ಸೈನಿಕನೊಬ್ಬನ ರಕ್ತದ ಹನಿಯಲ್ಲಿ ಅವನು ಕಪ್ಪು ಚುಕ್ಕೆಗಳನ್ನು ಹೊತ್ತ ಜೀವಂತ ವಸ್ತುಗಳು ಚಲಿಸುವುದನ್ನು ಕಂಡ. ಈ ಕಪ್ಪು ಚುಕ್ಕೆಗಳನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದಿಡುವ ದಾರ ಅವೇ.

ಅವುಗಳ ಜಾಡನ್ನು ಹಿಡಿದು ಹೊರಟ ರೊನಾಲ್ಡ್ ರಾಸ್ ನಮ್ಮ ಸೀಮೆಗೂ ಬಂದಿದ್ದ. ಬೆಂಗಳೂರಿನಲ್ಲಿ ಕಾಲರಾ ನಿವಾರಣೆಯ ಕೆಲಸದಲ್ಲಿದ್ದ ಈ ಸೇನಾ ವೈದ್ಯ, ಸಿಕಂದರಾಬಾದಿಗೆ ಹೋಗುವ ಮುನ್ನ, ರಜೆಯ ಮೇಲೆ ನೀಲಗಿರಿಗೆ ಬಂದು ಉದಕಮಂಡಲದಿಂದ ಸೀಗೂರು ಘಾಟಿಗೆ ಇಳಿದ. ಅಲ್ಲಿ ಗೋಡೆಯ ಮೇಲೆ ಬೇರೆಯದೇ ಭಂಗಿಯಲ್ಲಿ ಕುಳಿತಿದ್ದ, ರೆಕ್ಕೆಯಲ್ಲಿ ಚುಕ್ಕೆಗಳಿದ್ದ ಒಂದು ಸೊಳ್ಳೆ ಅವನ ಕಣ್ಣಿಗೆ ಬಿತ್ತು. ಕೆಲವೇ ದಿನಗಳಲ್ಲಿ ಅವನಿಗೂ ಚಳಿಜ್ವರ ಹಿಡಿಯಿತು. ಸೀಗೂರು ಘಾಟಿಯ ಜ್ವರ ನಮ್ಮ ಅಜ್ಜಂದಿರನ್ನು ಬಿಡದ ಹಾಗೆ ಅದನ್ನು ಹುಡುಕಿ ಬಂದ ವಿಜ್ಞಾನಿಯನ್ನೂ ಬಿಡಲಿಲ್ಲ. ಅನಂತರ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಹುಸೇನ್ ಖಾನ್ ಎಂಬ ರೋಗಿಯ ರಕ್ತ ಕುಡಿದಿದ್ದ ಅದೇ ಬಗೆಯ ಸೊಳ್ಳೆಯನ್ನು ಸೀಳಿ ನೋಡಿದಾಗ, ಅದರ ಜಠರದ ಗೋಡೆಯಲ್ಲಿ ಕಪ್ಪು ಚುಕ್ಕೆಗಳಿದ್ದ ಕೋಶಗಳು ರಾಸ್‌ಗೆ ಕಂಡವು. ಕಡಿತಕ್ಕೆ ಮೈಯೊಡ್ಡಿದ ಹುಸೇನ್ ಖಾನನಿಗೆ ಸೊಳ್ಳೆಗೆ ಒಂದಾಣೆಯಂತೆ ಸಂದಾಯವಾಗಿತ್ತು. ಮನುಷ್ಯನ ರಕ್ತದಲ್ಲಿದ್ದ ಜೀವಿಯೇ ಸೊಳ್ಳೆಯ ಹೊಟ್ಟೆಯಲ್ಲಿಯೂ ಇದೆ ಎಂಬುದಕ್ಕೆ ಸಾಕ್ಷಿಯಾದದ್ದು ಆ ಕಪ್ಪು ಬಣ್ಣ. ರಾಸ್‌ಗೆ 1902ರಲ್ಲಿಯೂ ಲಾವೆರಾನನಿಗೆ 1907ರಲ್ಲಿಯೂ ನೊಬೆಲ್ ಪಾರಿತೋಷಕ ದೊರೆಯಿತು.

ಇತ್ತ ಮದ್ದಿನ ಕಥೆಯೂ ನೀಲಗಿರಿಯೊಂದಿಗೆ ಬೆಸೆದುಕೊಂಡಿದೆ. ಸಿಂಕೋನಾ ಮರದ ತೊಗಟೆಯಿಂದ ಕ್ವಿನೈನನ್ನು 1820ರಲ್ಲಿ ಪ್ಯಾರಿಸ್ಸಿನ ಪೆಲ್ತಿಯೇ ಮತ್ತು ಕವೆಂತೂ ಬೇರ್ಪಡಿಸಿದ್ದರು. 1860ರ ಸುಮಾರಿನಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಿಂದ ಆ ಮರದ ಸಸಿ ಮತ್ತು ಬೀಜಗಳನ್ನು ತರಿಸುವ ಯತ್ನದ ಮುಂದಾಳಾಗಿದ್ದ. ಅವುಗಳನ್ನು ಉದಕಮಂಡಲದ ಸರಕಾರಿ ತೋಟದ ಮೇಲ್ವಿಚಾರಕ ವಿಲಿಯಂ ಮ್ಯಾಕ್‌ಐವರ್ ದೊಡ್ಡಬೆಟ್ಟದಲ್ಲಿಯೂ ಗುಡಲೂರಿನ ದಾರಿಯಲ್ಲಿರುವ ನಡುವಟ್ಟದಲ್ಲಿಯೂ ಬೆಳೆಸಿದ. ನಡುವಟ್ಟದಲ್ಲಿ ಕ್ವಿನೈನ್ ಕಾರ್ಖಾನೆಯೂ ನಡೆಯಿತು. 1934ರಲ್ಲಿ ಜರ್ಮನಿಯಲ್ಲಿ ಅದರ ದಾಯಾದಿಯಂತಿರುವ ಕ್ಲೋರೋಕ್ವಿನ್ ಪ್ರಯೋಗಶಾಲೆಯಲ್ಲಿ ತಯಾರಾಯಿತು. ಮದ್ದು ಕೆಲಸ ಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹೇಗೆ ಮಾಡುತ್ತದೆ ಎಂಬುದನ್ನು ಕಣದ ಒಳಹೊಕ್ಕು ನೋಡಿದವರಿರಲಿಲ್ಲ.

ನೋಡಲು ಅಡ್ಡಿಯಾದದ್ದು ಬೆಳಕೇ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೋಮೀಟರ್. ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ಬೆಳಕಿನ ಅಲೆಯ ಅರ್ಧಕ್ಕಿಂತ ಹತ್ತಿರದಲ್ಲಿರುವ ಎರಡು ಚುಕ್ಕೆಗಳನ್ನು ಸಾಮಾನ್ಯ ಮಸೂರ ಬೇರೆ ಬೇರೆಯಾಗಿ ತೋರಿಸಲಾರದು ಎಂದು 1873ರಲ್ಲಿ ಅರ್ನ್ಸ್ಟ್ ಆಬೆ ಸಾಧಿಸಿದ. ಎಂದರೆ 200 ನ್ಯಾನೋಮೀಟರಿಗಿಂತ ಚಿಕ್ಕ ವಿವರಗಳು ಮಸುಕಾಗಿಯೇ ಉಳಿಯುತ್ತವೆ. 1931ರಲ್ಲಿ ಹುಟ್ಟಿದ ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಈ ಮಿತಿಯನ್ನು ದಾಟಿತು. ಆದರೆ ರಕ್ತಕಣದ ಒಳಗನ್ನು ಅದರಲ್ಲಿ ನೋಡಬೇಕಾದರೆ ಸಾಮಾನ್ಯವಾಗಿ ಕಣದ ನೀರನ್ನು ತೆಗೆದು, ಭಾರಲೋಹದ ಬಣ್ಣ ಹಾಕಿ, ಅತಿ ತೆಳುವಾದ ಪದರಗಳಾಗಿ ಕತ್ತರಿಸಬೇಕಾಗಿತ್ತು. ಹಲಸಿನ ಹಣ್ಣಿನ ಒಂದು ತೆಳು ಹೋಳನ್ನು ಮಾತ್ರ ಕಂಡವನಿಗೆ ಇಡೀ ಹಣ್ಣಿನಲ್ಲಿ ತೊಳೆಗಳು ಹೇಗೆ ಜೋಡಣೆಯಾಗಿವೆ ಎಂಬುದು ತಿಳಿಯುವುದು ಕಷ್ಟ. ಕಣವನ್ನು ಕತ್ತರಿಸದೆ, ಒಣಗಿಸದೆ, ಬಣ್ಣ ಹಾಕದೆ ನೋಡುವ ದಾರಿ ಬೇಕಾಗಿತ್ತು.

ಆ ದಾರಿಯ ಮೊದಲ ಹೆಜ್ಜೆ 1895ರ ನವೆಂಬರ್ 8ರಂದು ವುರ್ಟ್ಸ್‌ಬುರ್ಗಿನಲ್ಲಿ ವಿಲ್ಹೆಲ್ಮ್ ರಂಟ್‌ಗನ್ ಕಂಡ ಕ್ಷ-ಕಿರಣ. ಅದರ ತರಂಗಾಂತರ ಬೆಳಕಿಗಿಂತ ನೂರಾರು ಪಟ್ಟು ಕಡಿಮೆ. ಮೂಳೆಯ ಚಿತ್ರ ತೆಗೆಯುವುದು ಬೇಗನೆ ಬಳಕೆಗೆ ಬಂತು. ಸೂಕ್ಷ್ಮದರ್ಶಕ ಮಾತ್ರ ಬಹುಕಾಲ ಕೈಗೂಡಲಿಲ್ಲ, ಏಕೆಂದರೆ ಗಾಜಿನ ಮಸೂರ ಈ ಕಿರಣವನ್ನು ಬಾಗಿಸಿ ಒಂದೆಡೆ ಕೂಡಿಸಲಾರದು. ರಂಟ್‌ಗನ್ ತಾನೇ ಮಸೂರಗಳನ್ನು ಇಟ್ಟು ನೋಡಿ ವಿಫಲನಾಗಿದ್ದ. 1948ರಲ್ಲಿ ಸ್ಟ್ಯಾನ್‌ಫರ್ಡಿನ ಪಾಲ್ ಕರ್ಕ್‌ಪ್ಯಾಟ್ರಿಕ್ ಮತ್ತು ಆಲ್ಬರ್ಟ್ ಬೇಯೆಜ್ ಬಾಗಿದ ಕನ್ನಡಿಗಳ ಮೇಲೆ ಕಿರಣವನ್ನು ತೀರ ಓರೆಯಾಗಿ ಜಾರಿಸಿ ಬಿಂಬ ಮೂಡಿಸಿದರು. 1952ರಲ್ಲಿ ಜರ್ಮನಿಯ ಹಾನ್ಸ್ ವೋಲ್ಟರ್ ಜೀವಕೋಶಗಳನ್ನು ನೋಡಲು ಯಾವ ಕ್ಷ-ಕಿರಣ ತಕ್ಕುದೆಂಬುದನ್ನು ಎತ್ತಿ ತೋರಿಸಿದ.

ಅವನು ತೋರಿಸಿದ ಆ ಇಕ್ಕಟ್ಟಾದ ವ್ಯಾಪ್ತಿಗೆ ಇಂದು ವಿಜ್ಞಾನಿಗಳು ನೀರಿನ ಕಿಟಕಿ ಎಂದು ಹೆಸರಿಟ್ಟಿದ್ದಾರೆ. 2.3 ಮತ್ತು 4.4 ನ್ಯಾನೋಮೀಟರಿನ ನಡುವಣ ಮೃದು ಕ್ಷ-ಕಿರಣಗಳು ನೀರನ್ನು ಹೆಚ್ಚು ತಡೆಯಿಲ್ಲದೆ ದಾಟುತ್ತವೆ, ಇಂಗಾಲವಿರುವ ಪ್ರೋಟೀನು ಮತ್ತು ಕೊಬ್ಬುಗಳಲ್ಲಿ ಹೀರಲ್ಪಡುತ್ತವೆ. ಆದ್ದರಿಂದ ನೀರು ತುಂಬಿದ ಕೋಶದಲ್ಲಿ ನೀರು ತಿಳಿಯಾಗಿಯೂ ಜೀವದ್ರವ್ಯ ಗಾಢವಾಗಿಯೂ ತಾನಾಗಿಯೇ ಕಾಣುತ್ತದೆ. ಬಣ್ಣ ಹಾಕುವ ಅಗತ್ಯವಿಲ್ಲ. ಎಲ್ಲಿ ದ್ರವ್ಯ ಹೆಚ್ಚು ಒತ್ತಾಗಿದೆಯೋ ಅಲ್ಲಿ ಹೀರಿಕೆಯೂ ಹೆಚ್ಚು. ಹೀಗಾಗಿ ಚಿತ್ರದಿಂದಲೇ ದ್ರವ್ಯದ ಪ್ರಮಾಣವನ್ನೂ ಲೆಕ್ಕ ಹಾಕಬಹುದು. ಇಂಥ ಕಿರಣ ಸುಮಾರು ಹತ್ತು ಮೈಕ್ರೋಮೀಟರ್ ದಪ್ಪದ ಕೋಶವನ್ನು ಹಾದುಹೋಗಬಲ್ಲದು. ಕೆಂಪು ರಕ್ತಕಣ ಆ ಅಳತೆಯೊಳಗೆ ಇಡಿಯಾಗಿ ಅಡಗುತ್ತದೆ.

ಮಸೂರದ ಕೊರತೆಯನ್ನು ತುಂಬಿದ್ದು ವಲಯ ಫಲಕ. ರಂಗೋಲಿಯಲ್ಲಿ ಒಂದರ ಸುತ್ತ ಒಂದು ವೃತ್ತ ಬರೆದಂತೆ, ಕಿರಣವನ್ನು ತಡೆಯುವ ಮತ್ತು ಬಿಡುವ ಉಂಗುರಗಳನ್ನು ಒಂದರ ಪಕ್ಕ ಒಂದರಂತೆ ಕೊರೆದ ಸಣ್ಣ ತಟ್ಟೆ ಅದು. ಹೊರಗೆ ಹೋದಂತೆ ಉಂಗುರಗಳು ಕಿರಿದಾಗುತ್ತವೆ. ಉಂಗುರಗಳ ಅಂಚಿನಲ್ಲಿ ಚದರಿದ ಅಲೆಗಳು ಒಂದು ಬಿಂದುವಿನಲ್ಲಿ ಕೂಡಿಕೊಳ್ಳುತ್ತವೆ. ತೀರ ಹೊರಗಿನ ಉಂಗುರ ಎಷ್ಟು ಕಿರಿದೋ ಬಿಂಬ ಅಷ್ಟು ಸ್ಪಷ್ಟ. ಅದರ ಅಗಲ ಕೆಲವು ಹತ್ತು ನ್ಯಾನೋಮೀಟರ್, ಎಂದರೆ ತಲೆಗೂದಲಿನ ದಪ್ಪದಲ್ಲಿ ಸಾವಿರದ ಒಂದು ಪಾಲಿನಷ್ಟು. ಜರ್ಮನಿಯ ಗಾಟಿಂಗೆನ್ನಿನಲ್ಲಿ ಗುಂಟರ್ ಶ್ಮಾಲ್ ಮತ್ತು ಅವನ ಸಂಗಡಿಗರು ಇಂಥ ಫಲಕಗಳನ್ನು ರೂಪಿಸಿ, 1976ರಲ್ಲಿ ಹ್ಯಾಂಬರ್ಗಿನ ಸಿಂಕ್ರೊಟ್ರಾನ್ ಕಿರಣವನ್ನು ಬಳಸಿ ಸೂಕ್ಷ್ಮದರ್ಶಕವನ್ನು ನಡೆಸಿ ತೋರಿಸಿದರು. ಬೆಳಕಿನ ವೇಗದ ಸಮೀಪಕ್ಕೆ ಓಡುವ ಇಲೆಕ್ಟ್ರಾನುಗಳನ್ನು ಕಾಂತಗಳ ಬಲದಿಂದ ಬಳಸಿ ತಿರುಗಿಸುವ ದೊಡ್ಡ ಉಂಗುರವೇ ಸಿಂಕ್ರೊಟ್ರಾನ್. ತಿರುವಿನಲ್ಲಿ ಅವು ಚೆಲ್ಲುವ ಪ್ರಖರ ಕಿರಣವೇ ಈ ಸೂಕ್ಷ್ಮದರ್ಶಕದ ದೀಪ.

ಗಾಟಿಂಗೆನ್ನಿನ ಪರಂಪರೆಯಿಂದ ಬಂದ ವರ್ನರ್ ಮೆಯರ್-ಇಲ್ಸೆ ಅಮೆರಿಕದ ಬರ್ಕ್ಲಿ ಪ್ರಯೋಗಶಾಲೆಯ ಸಿಂಕ್ರೊಟ್ರಾನಿನಲ್ಲಿ ಇಂಥದೊಂದು ಸೂಕ್ಷ್ಮದರ್ಶಕವನ್ನು ನಿಲ್ಲಿಸಿದ. ಚಳಿಜ್ವರದ ಕಥೆ ಇಲ್ಲಿ ಮತ್ತೆ ತನ್ನ ಎಳೆಯನ್ನು ಹಿಡಿಯುತ್ತದೆ. 1997ರಲ್ಲಿ ಕ್ಯಾಥ್ಲೀನ್ ಮಗೋವನ್, ನಾರ್ಲ ಮೋಹನದಾಸ್, ಮೆಯರ್-ಇಲ್ಸೆ ಮೊದಲಾದವರು ಮಲೇರಿಯ ಜೀವಿ ಹೊಕ್ಕ ಕೆಂಪು ಕಣಗಳನ್ನು ಕತ್ತರಿಸದೆ, ಬಣ್ಣ ಹಾಕದೆ ಚಿತ್ರಿಸಿ ಪ್ರಕಟಿಸಿದರು. ಕಣದ ದ್ರವ್ಯ ಹೇಗೆ ಸ್ಥಳ ಬದಲಿಸುತ್ತದೆ, ಹುಟ್ಟಿನಿಂದಲೇ ದೋಷವಿರುವ ಕಣದೊಳಗೆ ಆ ಜೀವಿಯ ಬೆಳವಣಿಗೆ ಹೇಗೆ ಕೆಡುತ್ತದೆ, ಅದರ ಜೀರ್ಣಕ್ರಿಯೆಯನ್ನು ರಾಸಾಯನಿಕದಿಂದ ತಡೆದಾಗ ಅದರ ಹೊಟ್ಟೆಯಂಥ ಚೀಲದಲ್ಲಿ ದ್ರವ್ಯ ಹೇಗೆ ಕಟ್ಟಿಕೊಂಡು ನಿಲ್ಲುತ್ತದೆ ಎಂಬುದನ್ನು ಆ ಚಿತ್ರಗಳು ತೋರಿಸಿದವು. ಆಗ ಕಣಗಳನ್ನು ರಾಸಾಯನಿಕದಲ್ಲಿ ಅದ್ದಿ ಸ್ಥಿರಗೊಳಿಸಬೇಕಾಗಿತ್ತು. ಮುಂದೆ ಕ್ಯಾರೊಲಿನ್ ಲಾರಬೆಲ್ ಮತ್ತು ಮಾರ್ಕ್ ಲೆ ಗ್ರೋ ಅವರಂಥವರು ಕೋಶಗಳನ್ನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ, ಕೂದಲೆಳೆಯಂಥ ಗಾಜಿನ ನಳಿಗೆಯಲ್ಲಿಟ್ಟು ತಿರುಗಿಸುತ್ತ ನಾನಾ ಕೋನಗಳಿಂದ ಚಿತ್ರ ತೆಗೆದು, ಗಣಕಯಂತ್ರದಲ್ಲಿ ಮೂರು ಆಯಾಮದ ರೂಪ ಕಟ್ಟುವ ವಿಧಾನವನ್ನು ಬೆಳೆಸಿದರು. ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ಮನುಷ್ಯನ ದೇಹಕ್ಕೆ ಮಾಡುವುದನ್ನೇ ಇದು ಒಂದೇ ಒಂದು ರಕ್ತಕಣಕ್ಕೆ ಮಾಡುತ್ತದೆ.

ಈಗ ಲಾವೆರಾನನ ಕಪ್ಪು ಚುಕ್ಕೆಗೆ ಮರಳೋಣ. ಮಲೇರಿಯ ಜೀವಿಗೆ ಆಹಾರ ನಮ್ಮ ಹಿಮೋಗ್ಲೋಬಿನ್. ಅದನ್ನು ಅರಗಿಸಿಕೊಂಡಾಗ ಹೀಮ್ ಎಂಬ ಕಬ್ಬಿಣಯುಕ್ತ ಶೇಷ ಉಳಿಯುತ್ತದೆ. ಅದು ಆ ಜೀವಿಗೇ ವಿಷ. ವಿಷದಿಂದ ಪಾರಾಗಲು ಅದು ಹೀಮನ್ನು ಹರಳುಗಟ್ಟಿಸಿ ಮೂಲೆಗಿಡುತ್ತದೆ. ಲಾವೆರಾನ್ ಕಂಡದ್ದು, ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಗುರುತು ಹಿಡಿದದ್ದು ಈ ಹರಳನ್ನೇ. 2012ರಲ್ಲಿ ಸೆರ್ಗೆ ಕಪೀಶ್ನಿಕೊವ್, ಲೆಸ್ಲಿ ಲೈಸರೊವಿಟ್ಜ್ ಮತ್ತು ಸಂಗಡಿಗರು ಮೃದು ಕ್ಷ-ಕಿರಣ ಚಿತ್ರಗಳನ್ನು ಬಳಸಿ, ಹರಳುಗಳು ಚೀಲದ ಒಳಪೊರೆಗೆ ಅಂಟಿಕೊಂಡು ಹುಟ್ಟುತ್ತವೆ ಎಂದು ತೋರಿಸಿದರು. 2019ರಲ್ಲಿ ಅದೇ ಬಳಗ ಇನ್ನೊಂದು ಹೆಜ್ಜೆ ಇಟ್ಟಿತು. ಕ್ಲೋರೋಕ್ವಿನ್ನನ್ನು ಹೋಲುವ, ಆದರೆ ಕ್ಷ-ಕಿರಣದಿಂದ ಪತ್ತೆಹಚ್ಚಬಹುದಾದ ಬ್ರೋಮಿನ್ ಪರಮಾಣುವನ್ನು ಹೊತ್ತ ಮದ್ದನ್ನು ಜೀವಿಗೆ ಕೊಟ್ಟು, ಹೆಪ್ಪುಗಟ್ಟಿಸಿದ ಇಡೀ ಕಣದಲ್ಲಿ ಅದು ಎಲ್ಲಿ ಸೇರಿತು ಎಂದು ಹುಡುಕಿದರು. ಮದ್ದು ಹರಳಿನ ಮೈಗೆ ಮುಚ್ಚಳದಂತೆ ಕೂತಿತ್ತು. ಮುಚ್ಚಿದ ಹರಳು ಮುಂದೆ ಬೆಳೆಯಲಾರದು. ಹರಳಾಗಲಾರದ ಹೀಮ್ ಜೀವಿಗೆ ವಿಷವಾಗಿ ಉಳಿಯುತ್ತದೆ. ನಡುವಟ್ಟದ ತೊಗಟೆಯ ಕುಲಕ್ಕೆ ಸೇರಿದ ಮದ್ದು ಮಾಡುವ ಕೆಲಸ, ಅದನ್ನು ಅಲ್ಲಿ ಬೆಳೆಯತೊಡಗಿ ಒಂದೂವರೆ ಶತಮಾನ ಕಳೆದ ಮೇಲೆ, ರಕ್ತಕಣದ ಒಳಗಿನಿಂದಲೇ ಕಾಣಿಸಿತು.

ನಮ್ಮ ಸೀಮೆಗೆ ಇನ್ನೂ ಹತ್ತಿರವಾದ ಮತ್ತೊಂದು ಅಧ್ಯಾಯವಿದೆ. 1910ರಲ್ಲಿ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್, ರಕ್ತಹೀನತೆಯಿಂದ ನರಳುತ್ತಿದ್ದ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಕುಡುಗೋಲಿನ ಹಾಗೆ ಬಾಗಿದ ಕಣಗಳನ್ನು ವರದಿ ಮಾಡಿದ. 1949ರಲ್ಲಿ ಲೈನಸ್ ಪೌಲಿಂಗ್ ಬಳಗ ಇದಕ್ಕೆ ಹಿಮೋಗ್ಲೋಬಿನ್ ಅಣುವಿನ ವ್ಯತ್ಯಾಸವೇ ಕಾರಣವೆಂದು ತೋರಿಸಿತು. 1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ಇದೇ ಗುಣವನ್ನು ನೀಲಗಿರಿಯ ಬುಡಕಟ್ಟು ಜನರಲ್ಲಿ ಗುರುತಿಸಿದರು. ಭಾರತದಲ್ಲಿ ಕುಡುಗೋಲು ಕಣದ ಅಧ್ಯಯನ ಮೊದಲಾದದ್ದು ನಮ್ಮ ಬೆಟ್ಟಗಳಿಂದ. ವಯನಾಡಿನ ಹಲವು ಸಮುದಾಯಗಳಲ್ಲಿಯೂ ಅದು ಇದೆ. 1954ರಲ್ಲಿ ಆಂಥೊನಿ ಆಲಿಸನ್ ಆಫ್ರಿಕದ ಪೂರ್ವಭಾಗದಲ್ಲಿ ಕಂಡುಕೊಂಡ ಸಂಗತಿ ಎರಡೂ ಕಥೆಗಳನ್ನು ಕೂಡಿಸಿತು. ಈ ಗುಣವನ್ನು ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಪಡೆದವರಿಗೆ ಮಾರಕ ಚಳಿಜ್ವರದಿಂದ ಬಹುಮಟ್ಟಿಗೆ ರಕ್ಷಣೆಯಿದೆ. ಜ್ವರವಿದ್ದ ಕಾಡುಗಳಲ್ಲಿ ಈ ಗುಣ ಉಳಿದು ಬಂದದ್ದು ಅದರಿಂದಲೇ. ಇಬ್ಬರಿಂದಲೂ ಪಡೆದ ಮಗುವಿಗೆ ಅದೇ ಗುಣ ಕಾಯಿಲೆಯಾಗುತ್ತದೆ. ಮೈಕೈ ಗಂಟುಗಳ ತೀವ್ರ ನೋವು, ರಕ್ತಹೀನತೆ, ಸೋಂಕು ಆ ಮಗುವನ್ನು ಕಾಡುತ್ತವೆ.

2016ರಲ್ಲಿ ಲಾರಬೆಲ್, ವಾ ಚಿಯು ಮೊದಲಾದವರ ಬಳಗ ಇಂಥ ಕಣಗಳನ್ನು ಮೃದು ಕ್ಷ-ಕಿರಣದಿಂದ ಮೂರು ಆಯಾಮದಲ್ಲಿ ಕಂಡಿತು. ಬಾಗಿದ ಕಣದ ಮೈಯಿಂದ ಎಷ್ಟು ಮುಳ್ಳುಗಳು ಚಾಚಿವೆ, ಕಣದ ಗಾತ್ರವೆಷ್ಟು ಎಂದು ಅಳೆದು, ಬಾಗುವಿಕೆಯ ಹಂತಗಳನ್ನು ವಿಂಗಡಿಸಿತು. ಒಂದು ಹೊಸ ರಾಸಾಯನಿಕ ಆ ಬಾಗುವಿಕೆಯನ್ನು ನಿಧಾನಗೊಳಿಸುತ್ತದೆ ಎಂಬುದನ್ನೂ ಅದೇ ವಿಧಾನದಿಂದ ತೋರಿಸಿತು. ಮದ್ದು ಕೊಡುವ ಮೊದಲೂ ಕೊಟ್ಟ ಮೇಲೂ ಕಣದ ಆಕಾರವನ್ನೇ ಅಳೆದು ನೋಡುವ ಬಗೆ ಇದರಿಂದ ಸಿಕ್ಕಿತು.

ಇಷ್ಟೆಲ್ಲ ಬರೆದ ಮೇಲೆ ಒಂದು ವಿವೇಚನೆಯನ್ನು ಹೇಳದಿದ್ದರೆ ಲೇಖನ ಅಪೂರ್ಣವಾಗುತ್ತದೆ. ಕ್ಷ-ಕಿರಣ ಸೂಕ್ಷ್ಮದರ್ಶಕ ಯಾವ ಊರಿನ ಆಸ್ಪತ್ರೆಗೂ ಬರುವ ಯಂತ್ರವಲ್ಲ. ಅದರ ದೀಪಕ್ಕೇ ಒಂದು ಮೈದಾನದಷ್ಟು ಕಟ್ಟಡ ಬೇಕು. ತುಮಕೂರು ಸೀಮೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರು ಹೊತ್ತ ಇಂದೋರಿನ ಕೇಂದ್ರದಲ್ಲಿ ನಮ್ಮ ದೇಶದ ಇಂಡಸ್-1 ಮತ್ತು ಇಂಡಸ್-2 ಸಿಂಕ್ರೊಟ್ರಾನುಗಳಿವೆ. ಎರಡನೆಯದರ ಸುತ್ತಳತೆ 172 ಮೀಟರಿಗೂ ಹೆಚ್ಚು. ಮಗುವಿಗೆ ಜ್ವರ ಬಂದಾಗ ರೋಗವನ್ನು ಹೇಳುವುದು ಇಂದಿಗೂ ಗಾಜಿನ ಪಟ್ಟಿಯ ಮೇಲಿನ ಒಂದು ಹನಿ ರಕ್ತ, ಸಾಮಾನ್ಯ ಸೂಕ್ಷ್ಮದರ್ಶಕ, ಅದರ ಮುಂದೆ ಕುಳಿತ ತಾಳ್ಮೆಯ ಕಣ್ಣು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯ ಬರುತ್ತಿತ್ತೆಂಬ ಅಂದಾಜಿದೆ. 1953ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಿಂದ ಅದು 1961ರ ಹೊತ್ತಿಗೆ 50 ಸಾವಿರದ ಸುಮಾರಿಗೆ ಇಳಿಯಿತು. ಎಚ್ಚರ ತಪ್ಪಿದಾಗ 1976ರಲ್ಲಿ ಮತ್ತೆ 64 ಲಕ್ಷವನ್ನು ದಾಟಿತು. ದೊಡ್ಡ ಯಂತ್ರ ಕಾರಣವನ್ನು ತಿಳಿಸುತ್ತದೆ. ಕಾಯುವ ಕೆಲಸ ಮನೆಮನೆಯ ಎಚ್ಚರದ್ದು.

ಕುಡುಗೋಲು ಕಣದ ವಿಷಯದಲ್ಲಿ ಈ ಎಚ್ಚರ ಪೋಷಕರ ಕೈಯಲ್ಲಿದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನ 40 ವರ್ಷದೊಳಗಿನ ಏಳು ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ. ಗುಣವನ್ನು ಹೊತ್ತವರು ರೋಗಿಗಳಲ್ಲ. ಅದು ಯಾವ ಕುಲಕ್ಕೂ ಕಳಂಕವಲ್ಲ, ಹಿರಿಯರು ಚಳಿಜ್ವರವನ್ನು ಗೆದ್ದು ಬದುಕಿದ್ದರ ಗುರುತು. ಆದರೆ ತಂದೆತಾಯಿ ಇಬ್ಬರೂ ಆ ಗುಣವನ್ನು ಹೊತ್ತಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಂಭವವಿದೆ. ಇದನ್ನು ಮದುವೆಯ ಮಾತುಕತೆಗೆ ಮುನ್ನವೇ ತಿಳಿದಿರುವುದು ಲೇಸು. ಪದೇ ಪದೇ ಮೈಕೈ ನೋವೆಂದು ತರಗತಿಗೆ ಬಾರದ ಮಗುವನ್ನು ಸೋಮಾರಿಯೆಂದು ಗದರಿಸುವ ಮೊದಲು ಅದರ ರಕ್ತವನ್ನು ಪರೀಕ್ಷಿಸಿ ನೋಡಬೇಕು ಎಂಬುದನ್ನು ನಾವು ಶಿಕ್ಷಕರೂ ಕಲಿಯಬೇಕಾಗಿದೆ.

ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿ ಹಿತ್ತಾಳೆಯ ಹಳೆಯ ಸೂಕ್ಷ್ಮದರ್ಶಕವೊಂದು ಇನ್ನೂ ಇದೆ. ಈರುಳ್ಳಿಯ ಸಿಪ್ಪೆಯನ್ನೂ ಕೊಳದ ನೀರನ್ನೂ ಅದರಲ್ಲಿ ನೋಡಿದ ತಲೆಮಾರುಗಳು ಈ ಸಂಚಿಕೆಯ ಓದುಗರಲ್ಲಿ ಅನೇಕರಿದ್ದಾರೆ. ಲಾವೆರಾನ್ ಕಪ್ಪು ಚುಕ್ಕೆಯನ್ನು ಕಂಡದ್ದು ಅದಕ್ಕಿಂತ ಬಹಳ ಬೇರೆಯಾದ ಉಪಕರಣದಲ್ಲೇನೂ ಅಲ್ಲ. ಮುಂದಿನ ನೂರು ವರ್ಷಗಳಲ್ಲಿ ನಮ್ಮ ಮಕ್ಕಳಲ್ಲಿ ಯಾರಾದರೂ ಸಿಂಕ್ರೊಟ್ರಾನಿನ ಮುಂದೆ ಕೂಡುವಂತಾಗಲಿ ಎಂದು ನಾವು ಹಾರೈಸುತ್ತೇವೆ. ಹಾಜರಿ ಪುಸ್ತಕದಲ್ಲಿ ‘ಗೈರು’ ಎಂದು ಬರೆಯುವ ಕೈ ಒಂದು ಕ್ಷಣ ನಿಂತು, ಏಕೆ ಎಂದು ಕೇಳುವ ಅಭ್ಯಾಸ ಮಾತ್ರ ಈ ವರ್ಷದಿಂದಲೇ ನಮ್ಮ ಶಾಲೆಯಲ್ಲಿ ನೆಲೆಗೊಳ್ಳಲಿ.